ಹೊಸ ಇಂಟೀರಿಯರ್ ಆದ ಮೇಲೆ ಮನೆಯಲ್ಲಿ ಕಣ್ಣುರಿ, ತಲೆನೋವು. ಪ್ಲೈವುಡ್ ಕಾರಣವಾ?

ಜಯನಗರದ ಅಮ್ಮ | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷ ಹಳೆಯ ಫ್ಲ್ಯಾಟ್ ಕೊಂಡು ಪೂರ್ತಿ ಇಂಟೀರಿಯರ್ ಮಾಡಿಸಿದೆವು. ಎರಡು ರೂಮಿಗೆ ವಾರ್ಡ್‌ರೋಬ್, ಮಾಡ್ಯುಲರ್ ಅಡುಗೆಮನೆ, ಟಿವಿ ಯೂನಿಟ್, ಮಗಳ ರೂಮಿಗೆ ಬಂಕ್ ಮಂಚ ಮತ್ತು ಓದುವ ಟೇಬಲ್. ಎರಡೂ ಬಾತ್‌ರೂಮಿಗೆ ಹೊಸ ಟೈಲ್ಸ್, ಫಾಲ್ಸ್ ಸೀಲಿಂಗ್. ಮುಹೂರ್ತ ತಪ್ಪಬಾರದು ಅಂತ ಪಾಲಿಶ್ ಆದ ಆರನೇ ದಿನಕ್ಕೇ ಹಾಲು ಉಕ್ಕಿಸಿದೆವು.

ಈಗ ಐದು ವಾರ ಆಯಿತು. ಮಗಳಿಗೆ (7 ವರ್ಷ) ರಾತ್ರಿ ಒಣಕೆಮ್ಮು, ಕಣ್ಣುರಿ. ನನಗೂ ಯಜಮಾನರಿಗೂ ಬೆಳಿಗ್ಗೆ ತಲೆನೋವು, ಆಫೀಸಿಗೆ ಹೋದ ಮೇಲೆ ಕಡಿಮೆ ಆಗುತ್ತದೆ. ವಾರ್ಡ್‌ರೋಬ್ ಬಾಗಿಲು ತೆಗೆದರೆ ಮೂಗಿಗೆ ಘಾಟು ಹೊಡೆಯುತ್ತದೆ. ಆನ್‌ಲೈನ್‌ನಲ್ಲಿ ಒಂದು ಮೀಟರ್ ತರಿಸಿದೆ, ಅದು ಫಾರ್ಮಾಲ್ಡಿಹೈಡ್ ಅನ್ನುವ ಘಾಟಿನ ಅನಿಲ 0.38 ಅಂತ ತೋರಿಸುತ್ತದೆ. ಏರ್ ಪ್ಯೂರಿಫೈಯರ್ ತಂದೆವು. ಎಂಟು ಗಿಡ ಇಟ್ಟೆವು. ಏನೂ ವ್ಯತ್ಯಾಸ ಇಲ್ಲ. ಇಂಟೀರಿಯರ್‌ನವರನ್ನು ಕೇಳಿದರೆ "ಹೊಸ ಮನೆ ವಾಸನೆ ಮೇಡಂ, ಹೋಗುತ್ತೆ" ಅನ್ನುತ್ತಾರೆ. ಹೋಗುತ್ತದಾ?

ಉಡುಪಿ ಬಡಗಿ | ಭಾನುವಾರ, ರಾತ್ರಿ 10:15

ಮೇಡಂ, ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಎರಡು ವಿಷಯ ಹೇಳಿ. ಒಂದು, ಪ್ಲೈ ಯಾವುದು? ಸ್ವಲ್ಪ ತೇವ ಮಾತ್ರ ತಡೆಯುವ ಎಂಆರ್ ಗ್ರೇಡಾ, ಕುದಿನೀರಿಗೂ ಜಗ್ಗದ ಬಿಡಬ್ಲ್ಯೂಪಿ ಅಂದರೆ 710ಆ? ಶೆಟರ್‌ಗೆ, ಅಂದರೆ ಬಾಗಿಲಿಗೆ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕಿದ್ದಾರಾ? ಎರಡು, ವಾರ್ಡ್‌ರೋಬ್ ಒಳಗಡೆ ಲ್ಯಾಮಿನೇಟ್ ಅಂಟಿಸಿದ್ದಾರಾ, ಸುಮ್ನೆ ಬಿಟ್ಟಿದ್ದಾರಾ? ಹೆಚ್ಚಿನವರು ಹೊರಗೆ ಮಿರಮಿರ ಮಿಂಚುವ ಹಾಗೆ ಮಾಡಿ, ಹಿಂದುಗಡೆ ಮತ್ತು ಅಂಚುಗಳನ್ನು ಹಾಗೇ ಬಿಡುತ್ತಾರೆ. ಗಿರಾಕಿ ಅಲ್ಲಿ ಬಗ್ಗಿ ನೋಡುವುದಿಲ್ಲವಲ್ಲ.

ಜಯನಗರದ ಅಮ್ಮ | ಭಾನುವಾರ, ರಾತ್ರಿ 10:52

ಈಗಷ್ಟೇ ಬಿಲ್ ತೆಗೆದು ನೋಡಿದೆ. ಅಡುಗೆಮನೆಗೆ 710. ರೂಮುಗಳಿಗೆ ಎಂಆರ್, ಶೆಟರ್ ಎಲ್ಲಾ ಎಂಡಿಎಫ್. ಟಾರ್ಚ್ ಹಾಕಿ ನೋಡಿದರೆ ಹಿಂದಿನ ಹಲಗೆ ಬರೀ ಕಂದು ಬಣ್ಣದ್ದು, ಏನೂ ಅಂಟಿಸಿಲ್ಲ. ಬಂಕ್ ಮಂಚದ ತಳವೂ ಅಷ್ಟೇ. ಮೆಲಮೈನ್ ಪಾಲಿಶ್ ಅಂತಲೂ ಬರೆದಿದೆ.

ರಸಾಯನ ಮೇಷ್ಟ್ರು | ಸೋಮವಾರ, ಬೆಳಿಗ್ಗೆ 6:20

ಬಡಗಿಯವರು ಸರಿಯಾದ ಕಡೆಯೇ ಕೈಯಿಟ್ಟಿದ್ದಾರೆ. ನಾನು ಮೈಸೂರಿನಲ್ಲಿ ಕಾಲೇಜು ಮೇಷ್ಟ್ರಾಗಿದ್ದವನು, ಈಗ ನಿವೃತ್ತ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಎಂಆರ್ ಪ್ಲೈ, ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಇವುಗಳನ್ನು ಹಿಡಿದಿಡುವುದು ಸಾಮಾನ್ಯವಾಗಿ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು. ಅಗ್ಗ, ಬೇಗ ಗಟ್ಟಿಯಾಗುತ್ತದೆ. ಆದರೆ ಇದಕ್ಕೊಂದು ಕೆಟ್ಟ ಗುಣ. ನೀರಿನ ಪಸೆ ತಾಗಿದರೆ ಅಂಟಿನ ಕೊಂಡಿ ನಿಧಾನವಾಗಿ ಬಿಚ್ಚಿಕೊಂಡು ಫಾರ್ಮಾಲ್ಡಿಹೈಡ್ ಮತ್ತೆ ಹೊರಗೆ ಬರುತ್ತದೆ. ಅಂದರೆ ಮೊದಲ ದಿನ ಉಳಿದಿದ್ದ ಅನಿಲವಷ್ಟೇ ಅಲ್ಲ, ಹಲಗೆಯೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದನ್ನು ಬಿಡುತ್ತಿರುತ್ತದೆ. ಸೆಖೆ ಮತ್ತು ತೇವ ಎರಡೂ ಸೇರಿದರೆ ಜಾಸ್ತಿ. 710 ಪ್ಲೈಗೆ ಬಳಸುವುದು ಫೀನಾಲ್-ಫಾರ್ಮಾಲ್ಡಿಹೈಡ್. ಹೆಸರಿನಲ್ಲಿ ಅದೇ ಇದ್ದರೂ ಅದರ ಕೊಂಡಿ ಭದ್ರ, ಹೊರಗೆ ಬರುವುದು ತೀರಾ ಕಡಿಮೆ. ನಿಮ್ಮ ಅಡುಗೆಮನೆಗಿಂತ ಮಗಳ ರೂಮಿನಲ್ಲಿ ಘಾಟು ಜಾಸ್ತಿ ಇದ್ದರೆ ಇದು ಒಂದು ಕಾರಣ.

ಇನ್ನೊಂದು ಕಾರಣ ಆ ಮೆಲಮೈನ್ ಪಾಲಿಶ್. ಅದು ಆಸಿಡ್ ಸೇರಿಸಿ ಗಟ್ಟಿ ಮಾಡುವ ಜಾತಿಯದು. ಒಣಗುವಾಗ ಥಿನ್ನರಿನ ಟಾಲೀನ್, ಕ್ಸೈಲೀನ್ ಹಾರಿ ಹೋಗುತ್ತವೆ, ಅವು ದಿನಗಳಲ್ಲಿ ಕಡಿಮೆಯಾಗುತ್ತವೆ. ಆಮೇಲೂ ಫಾರ್ಮಾಲ್ಡಿಹೈಡ್ ಬರುತ್ತಲೇ ಇರುತ್ತದೆ.

ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು 2004ರಲ್ಲಿ ಮೊದಲ ಗುಂಪಿಗೆ, ಅಂದರೆ ಮನುಷ್ಯನಿಗೆ ಕ್ಯಾನ್ಸರ್ ತರುವುದು ಖಚಿತ ಎನ್ನುವ ಪಟ್ಟಿಗೆ ಸೇರಿಸಿತು. ಹಾಗಂತ ಗಾಬರಿ ಬೇಡ. ಆ ಪಟ್ಟಿ "ತರಬಲ್ಲದು" ಅನ್ನುತ್ತದೆ, ಎಷ್ಟು ಪ್ರಮಾಣಕ್ಕೆ ಎಷ್ಟು ಅಪಾಯ ಅಂತ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನೆಯೊಳಗಿನ ಗಾಳಿಗೆ ಇಟ್ಟ ಮಿತಿ ಘನ ಮೀಟರಿಗೆ 0.1 ಮಿಲಿಗ್ರಾಂ, ಅರ್ಧ ಗಂಟೆಯ ಸರಾಸರಿ. ಕಣ್ಣುರಿ, ಗಂಟಲು ಕೆರೆತ ಶುರುವಾಗುವುದಕ್ಕಿಂತ ಕೆಳಗೆ ಇರಲಿ ಅನ್ನುವುದು ಅದರ ಲೆಕ್ಕ.

ಸುಮ್ನೆ ಓದುಗ | ಸೋಮವಾರ, ಬೆಳಿಗ್ಗೆ 8:05

ಸ್ವಲ್ಪ ಜಾಸ್ತಿಯಾಯಿತು ಅನ್ನಿಸಲ್ವಾ? ನಮ್ಮ ಅಜ್ಜಿ ಸೌದೆ ಒಲೆ ಊದಿಕೊಂಡು 88 ವರ್ಷ ಬದುಕಿದಳು. ಈಗ ಪ್ಲೈವುಡ್ಡಿಗೂ ಹೆದರಬೇಕು ಅಂದರೆ ಹೇಗೆ?

ತುರುವೇಕೆರೆ ತೆಂಗು | ಸೋಮವಾರ, ಬೆಳಿಗ್ಗೆ 9:30

ನಿಮ್ಮ ಅಜ್ಜಿ ಬದುಕಿದರು, ಸಂತೋಷ. ನಮ್ಮಮ್ಮ ಅದೇ ಒಲೆ ಮುಂದೆ ಕೂತು ಐವತ್ತೈದಕ್ಕೇ ಮೆಟ್ಟಿಲು ಹತ್ತಲಾರದೆ ಹೋದರು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಡಾಕ್ಟರು ಶ್ವಾಸಕೋಶದ ಚಿತ್ರ ನೋಡಿ ಕೇಳಿದ ಮೊದಲ ಪ್ರಶ್ನೆ "ಯಾವ ಒಲೆ?". ಅಡುಗೆಮನೆ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸತ್ತವರು ಸುಮಾರು 32 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸತ್ತವರ ಮೊಮ್ಮಕ್ಕಳು ಇಲ್ಲಿ ಬಂದು "ನಮ್ಮಜ್ಜಿ ಚೆನ್ನಾಗಿದ್ದರು" ಅಂತ ಬರೆಯುವುದಿಲ್ಲ ಅಷ್ಟೇ.

ನಮ್ಮ ಕಡೆ ಎಂಬತ್ತರ ದಶಕದಲ್ಲಿ ಅಸ್ತ್ರ ಒಲೆ ಬಂತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಐಐಎಸ್‌ಸಿ) ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನದ ಅಸ್ತ್ರ ಕೇಂದ್ರದ ಕೆಲಸ ಅದು. ಸಾಲಾಗಿ ಪಾತ್ರೆ ಇಡುವ ಬಾಯಿಗಳು, ಹಿಂದೆ ಹೊಗೆ ಕೊಳವೆ. ಸೌದೆ ಉಳಿಯುತ್ತದೆ ಅಂತ ಎಲ್ಲರೂ ಹಾಕಿಸಿಕೊಂಡರು. ಹೆಂಗಸರು ಮೆಚ್ಚಿದ್ದು ಬೇರೆ ಕಾರಣಕ್ಕೆ. ಗೋಡೆ ಮಸಿ ಹಿಡಿಯುತ್ತಿರಲಿಲ್ಲ, ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ನಮ್ಮ ಮನೆಗೆ ಬರುವ ಹೊತ್ತಿಗೆ ತಡವಾಗಿತ್ತು.

ಸುಮ್ನೆ ಓದುಗ | ಸೋಮವಾರ, ಬೆಳಿಗ್ಗೆ 9:48

ಕ್ಷಮಿಸಿ ಸರ್. ಹಾಗೆ ಬರೆಯಬಾರದಿತ್ತು.

ಡೆಲ್ಫ್ಟ್ ಕನ್ನಡತಿ | ಸೋಮವಾರ, ಮಧ್ಯಾಹ್ನ 1:10

ನೆದರ್‌ಲ್ಯಾಂಡ್ಸ್‌ನಲ್ಲಿ ಕಟ್ಟಡಗಳ ಗಾಳಿ ವ್ಯವಸ್ಥೆಯ ಕೆಲಸ ನನ್ನದು. ಒಲೆ, ಪ್ಲೈವುಡ್ ಎರಡಕ್ಕೂ ಲೆಕ್ಕ ಒಂದೇ. ಎಷ್ಟು ಹೊರಬಂತು ಅನ್ನುವುದಕ್ಕಿಂತ ಅದರಲ್ಲಿ ಎಷ್ಟು ನಮ್ಮ ಮೂಗಿಗೆ ಹೋಯಿತು ಅನ್ನುವುದು ಮುಖ್ಯ. ಕರ್ಕ್ ಸ್ಮಿತ್ ಅಂತ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಇದ್ದವರು, ಭಾರತವೂ ಸೇರಿ ಹಲವು ದೇಶಗಳ ಒಲೆ ಹೊಗೆಯ ಬಗ್ಗೆ ಜೀವಮಾನ ಕೆಲಸ ಮಾಡಿದವರು, ಇದಕ್ಕೊಂದು ಸುಲಭದ ಲೆಕ್ಕ ಕೊಟ್ಟಿದ್ದರು. ಮನೆಯೊಳಗೆ ಬಿಟ್ಟ ಒಂದು ಗ್ರಾಂ ವಿಷ ಹೊರಗೆ ಬಿಟ್ಟ ಒಂದು ಗ್ರಾಂಗಿಂತ ಸುಮಾರು ಸಾವಿರ ಪಟ್ಟು ಹೆಚ್ಚಾಗಿ ಯಾರದಾದರೂ ಶ್ವಾಸಕೋಶ ಸೇರುತ್ತದೆ. ಫ್ಯಾಕ್ಟರಿ ಚಿಮಣಿ ಕಣ್ಣಿಗೆ ಕಾಣುತ್ತದೆ, ಬಯ್ಯುತ್ತೇವೆ. ಮಂಚದ ತಳದ ಹಲಗೆ ಕಾಣುವುದಿಲ್ಲ.

1980ರ ದಶಕದಲ್ಲಿ ಅಮೆರಿಕದ ಪರಿಸರ ಇಲಾಖೆ ಒಂದು ಚೆಂದದ ಪ್ರಯೋಗ ಮಾಡಿತು. ನ್ಯೂಜೆರ್ಸಿಯ ಬೇಯಾನ್, ಎಲಿಜಬೆತ್ ಅನ್ನುವ ಊರುಗಳು, ಸುತ್ತ ರಾಸಾಯನಿಕ ಕಾರ್ಖಾನೆಗಳು. ಅಲ್ಲಿನ ಜನರ ಮೈಗೇ ಗಾಳಿ ಹೀರುವ ಸಣ್ಣ ಉಪಕರಣ ಕಟ್ಟಿ ಕಳಿಸಿದರು. ಕಾರ್ಖಾನೆಯಿಂದಲೇ ಎಲ್ಲಾ ಬರುತ್ತದೆ ಅಂದುಕೊಂಡಿದ್ದರು. ನೋಡಿದರೆ ಮೈಮೇಲಿನ ಲೆಕ್ಕ ಹೊರಗಿನ ಗಾಳಿಗಿಂತ ಜಾಸ್ತಿ ಇತ್ತು. ಡ್ರೈಕ್ಲೀನ್ ಮಾಡಿಸಿ ತಂದ ಬಟ್ಟೆಯಿಂದ ಪರ್‌ಕ್ಲೋರೋಎಥಿಲೀನ್, ಕ್ಲೋರಿನ್ ಹಾಕಿದ ನೀರಿನ ಬಿಸಿ ಶವರ್‌ನಿಂದ ಕ್ಲೋರೋಫಾರ್ಮ್, ಸಿಗರೇಟಿನಿಂದ ಬೆಂಜೀನ್, ಶೌಚಾಲಯದ ಪರಿಮಳದ ಗುಳಿಗೆಯಿಂದ ಪ್ಯಾರಾ ಡೈಕ್ಲೋರೋಬೆಂಜೀನ್. ಎಲ್ಲಾ ತಾವೇ ದುಡ್ಡು ಕೊಟ್ಟು ಮನೆಗೆ ತಂದಿದ್ದು!

ಗಿಡಗಳ ವಿಷಯ. 1989ರ ನಾಸಾ ಪ್ರಯೋಗವನ್ನು ನರ್ಸರಿಯವರೆಲ್ಲ ಹೇಳುತ್ತಾರೆ. ಅದು ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ ಮಾಡಿದ್ದು. ಅಂಥ ಹಳೆಯ ಪ್ರಯೋಗಗಳನ್ನು 2019ರಲ್ಲಿ ಇಬ್ಬರು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಸಾಧಾರಣ ಕಟ್ಟಡದಲ್ಲಿ ತಾನಾಗಿ ಆಗುವ ಗಾಳಿಯ ಬದಲಾವಣೆಗೆ ಸಮ ಬರಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ಎಂಟು ಗಿಡ ಚೆಂದಕ್ಕೆ ಇರಲಿ, ನೀರು ಹಾಕಿ.

ಪ್ಯೂರಿಫೈಯರ್‌ನ ಹೆಪಾ ಫಿಲ್ಟರ್ ಧೂಳು ಹಿಡಿಯುತ್ತದೆ, ಅನಿಲ ಹಿಡಿಯುವುದಿಲ್ಲ. ಜೊತೆಗೆ ಇದ್ದಿಲಿನ ತೆಳು ಪದರ ಇರುತ್ತದೆ, ಫಾರ್ಮಾಲ್ಡಿಹೈಡ್‌ಗೆ ಅದು ಅಷ್ಟಕ್ಕಷ್ಟೇ.

ರಸಾಯನ ಮೇಷ್ಟ್ರು | ಸೋಮವಾರ, ಮಧ್ಯಾಹ್ನ 3:00

ಮೀಟರ್ ಬಗ್ಗೆ ಒಂದು ಮಾತು. ಜಯನಗರದ ಅಮ್ಮ, ಒಂದು ಪರೀಕ್ಷೆ ಮಾಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬಾಟಲಿಯ ಮುಚ್ಚಳ ತೆಗೆದು ಮೀಟರಿನಿಂದ ಒಂದಡಿ ದೂರ ಇಡಿ.

ಜಯನಗರದ ಅಮ್ಮ | ಸೋಮವಾರ, ಸಂಜೆ 7:15

ಅಯ್ಯೋ! 0.38 ಇದ್ದದ್ದು 1.9ಕ್ಕೆ ಹೋಯಿತು. ಹಾಗಾದರೆ ಇದು ಸುಳ್ಳಾ?

ರಸಾಯನ ಮೇಷ್ಟ್ರು | ಸೋಮವಾರ, ಸಂಜೆ 7:40

ಪೂರ್ತಿ ಸುಳ್ಳಲ್ಲ. ಅಗ್ಗದ ಸೆನ್ಸರ್‌ಗೆ ಆಲ್ಕೋಹಾಲ್, ಸೆಂಟು, ಫಾರ್ಮಾಲ್ಡಿಹೈಡ್ ಎಲ್ಲಾ ಒಂದೇ ಥರ ಕಾಣುತ್ತದೆ. ಅಂಕಿಯನ್ನು ನಂಬಬೇಡಿ, ಏರಿಳಿತ ನೋಡಿ. ಹಾಲ್‌ನಲ್ಲಿ ಎಷ್ಟು, ಮುಚ್ಚಿದ ವಾರ್ಡ್‌ರೋಬ್ ಒಳಗೆ ಎಷ್ಟು, ಕಿಟಕಿ ತೆಗೆದು ಅರ್ಧ ಗಂಟೆಗೆ ಎಷ್ಟು. ಮೂಲ ಎಲ್ಲಿದೆ ಅಂತ ಹುಡುಕಲು ಅಷ್ಟು ಸಾಕು. ಸರಿಯಾದ ಅಂಕಿ ಬೇಕೆಂದರೆ ಲ್ಯಾಬಿನವರು ಸಣ್ಣ ಕೊಳವೆ ಇಟ್ಟು ಗಾಳಿ ಹಿಡಿದು ಪರೀಕ್ಷಿಸಬೇಕು.

ಅಂಕಿಗೂ ಒಂದು ಕಥೆ ಹೇಳುತ್ತೇನೆ. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಮನೆ ಕಳೆದುಕೊಂಡವರಿಗೆ ಅಮೆರಿಕ ಸರಕಾರ ಟ್ರೈಲರ್ ಮನೆಗಳನ್ನು ಕೊಟ್ಟಿತು. ಒಳಗೆಲ್ಲ ಅಗ್ಗದ ಹಲಗೆ, ಚಿಕ್ಕ ಜಾಗ. ಜನ ಕಣ್ಣುರಿ, ಮೂಗಿನಲ್ಲಿ ರಕ್ತ ಅಂತ ದೂರು ಕೊಡುತ್ತಲೇ ಇದ್ದರು. ಕೊನೆಗೆ 519 ಟ್ರೈಲರ್‌ಗಳನ್ನು ಪರೀಕ್ಷೆ ಮಾಡಿ 2008ರಲ್ಲಿ ವರದಿ ಬಂತು. ಸರಾಸರಿ 77 ಪಿಪಿಬಿ (ನೂರು ಕೋಟಿ ಪಾಲು ಗಾಳಿಯಲ್ಲಿ 77 ಪಾಲು), ಅಂದರೆ ಆ 0.1 ಮಿಲಿಗ್ರಾಂ ಗೆರೆಯ ಹತ್ತಿರ ಹತ್ತಿರ. ಕೆಲವದರಲ್ಲಿ 590ರ ತನಕ. ತಮಾಷೆ ಏನೆಂದರೆ ಅಳೆದದ್ದು ಚಳಿಗಾಲದಲ್ಲಿ, ಹಲಗೆಗಳಾಗಲೇ ಹಳತಾದ ಮೇಲೆ. ಹೊಸದಾಗಿದ್ದಾಗ, ಅಲ್ಲಿನ ಬೇಸಿಗೆಯಲ್ಲಿ ಜನ ಉಸಿರಾಡಿದ್ದು ಖಂಡಿತ ಇನ್ನೂ ಜಾಸ್ತಿ.

ಮಲೆನಾಡ ಹೆಂಗಸು | ಸೋಮವಾರ, ರಾತ್ರಿ 8:30

ಎಲ್ಲಾ ಪ್ಲೈವುಡ್ ಮೇಲೆ ಹಾಕಬೇಡಿ. ಆ ರೂಮಿನಲ್ಲಿ ರಾತ್ರಿ ಸೊಳ್ಳೆಬತ್ತಿ ಹಚ್ಚುತ್ತೀರಾ? ಬಟ್ಟೆ ನಡುವೆ ನುಸಿ ಗುಳಿಗೆ ಇಟ್ಟಿದ್ದೀರಾ? ಬೆಳಿಗ್ಗೆ ಎಷ್ಟು ಊದುಬತ್ತಿ?

ಜಯನಗರದ ಅಮ್ಮ | ಸೋಮವಾರ, ರಾತ್ರಿ 8:55

ಸೊಳ್ಳೆಬತ್ತಿ ಹೌದು, ಮಗಳ ರೂಮಿನಲ್ಲಿ. ಕಿಟಕಿಗೆ ಮೆಶ್ ಇನ್ನೂ ಹಾಕಿಸಿಲ್ಲ, ಹಾಗಾಗಿ ಕಿಟಕಿಯನ್ನೂ ಹಾಕಿಯೇ ಇರುತ್ತೇವೆ. ನುಸಿ ಗುಳಿಗೆ ರೇಷ್ಮೆ ಸೀರೆ ಜೊತೆ ಇದೆ. ಊದುಬತ್ತಿ ದಿನಕ್ಕೆ ನಾಲ್ಕು, ಶುಕ್ರವಾರ ಸಾಂಬ್ರಾಣಿ.

ಡೆಲ್ಫ್ಟ್ ಕನ್ನಡತಿ | ಸೋಮವಾರ, ರಾತ್ರಿ 9:20

ಮುಚ್ಚಿದ ರೂಮಿನಲ್ಲಿ ಸೊಳ್ಳೆಬತ್ತಿ! ಇದನ್ನು ಮೊದಲೇ ಹೇಳಬಾರದಿತ್ತಾ? ಚೀನಾ, ಮಲೇಷ್ಯಾದ ಬತ್ತಿಗಳನ್ನು ಸುಟ್ಟು ನೋಡಿದ 2003ರ ಅಧ್ಯಯನ ಒಂದಿದೆ. ಒಂದು ಸುರುಳಿಯಿಂದ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ. ಫಾರ್ಮಾಲ್ಡಿಹೈಡ್ ಕೆಲವದರಲ್ಲಿ 51 ಸಿಗರೇಟಿನಷ್ಟು. ಸೊಳ್ಳೆ ಓಡಿಸುವ ಮದ್ದು ಅದರಲ್ಲಿ ಚಿಟಿಕೆಯಷ್ಟು. ಉಳಿದದ್ದೆಲ್ಲ ಉರಿಯುವ ಮರದ ಪುಡಿ, ತೆಂಗಿನ ಚಿಪ್ಪಿನ ಪುಡಿ. ಮಗಳ ರೂಮಿಗೆ ಸೊಳ್ಳೆಪರದೆ ಕಟ್ಟಿ, ಇವತ್ತೇ.

ಗಾಂಧಿಬಜಾರ್ ಹಿರಿಯ | ಸೋಮವಾರ, ರಾತ್ರಿ 9:45

ಇನ್ನು ದೇವರಿಗೆ ಊದುಬತ್ತಿಯೂ ಹಚ್ಚಬಾರದು ಅನ್ನುತ್ತೀರಿ. ಮುಂದೆ ಮಂಗಳಾರತಿಯೂ ಬೇಡ ಅನ್ನುತ್ತೀರಿ.

ಮಲೆನಾಡ ಹೆಂಗಸು | ಸೋಮವಾರ, ರಾತ್ರಿ 10:05

ಯಾರೂ ಹಾಗೆ ಹೇಳಲಿಲ್ಲ ಹಿರಿಯರೇ. ನಮ್ಮ ಹಳೇ ಮನೆಯಲ್ಲಿ ದೇವರಕೋಣೆ ಅಂದರೆ ಮೇಲೆ ಹೆಂಚು, ಗವಾಕ್ಷಿ, ಸಂದಿಗೊಂದಿಯಲ್ಲೆಲ್ಲ ಗಾಳಿ. ಈಗ ಫ್ಲ್ಯಾಟಿನಲ್ಲಿ ಗಾಜಿನ ಕಿಟಕಿ ಹಾಕಿ, ಎಸಿ ಇಟ್ಟು, ಅದೇ ನಾಲ್ಕು ಕಡ್ಡಿ ಹಚ್ಚುತ್ತೇವೆ. ಹೊಗೆ ಎಲ್ಲಿಗೆ ಹೋಗಬೇಕು? ಒಂದು ಕಡ್ಡಿ ಹಚ್ಚಿ, ಕಿಟಕಿ ತೆಗೆಯಿರಿ. ದೇವರೇನೂ ಕಡ್ಡಿ ಎಣಿಸುವುದಿಲ್ಲ.

ನುಸಿ ಗುಳಿಗೆ ಮಾತ್ರ ಎತ್ತಿ ಬಿಸಾಕಿ. ಅದು ನಾಫ್ತಲೀನ್. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುತ್ತದೆ. ಗುಳಿಗೆ ಜೊತೆ ಇಟ್ಟ ಬಟ್ಟೆಯನ್ನು ಬಿಸಿಲಿಗೆ ಹಾಕದೆ ಅಂಥ ಕೂಸಿಗೆ ಹೊದೆಸಿದರೆ ರಕ್ತಕಣ ಒಡೆದು ಕಾಮಾಲೆ ಬರಬಹುದು. ನಾನು ಶಿವಮೊಗ್ಗದಲ್ಲಿ ನರ್ಸ್ ಆಗಿದ್ದಾಗ ಬಾಣಂತಿಯರಿಗೆಲ್ಲ ಇದನ್ನೇ ಹೇಳುತ್ತಿದ್ದೆ. ಪೆಟ್ಟಿಗೆಯಿಂದ ತೆಗೆದ ಹಳೇ ಬಟ್ಟೆ ಮೊದಲು ಒಗೆಯಿರಿ, ಬಿಸಿಲು ತೋರಿಸಿ.

ಇರಲಿ, ನನಗೆ ಬೇರೆ ಒಂದು ಅನುಮಾನ. ಮಗುವಿಗೆ ಕಣ್ಣುರಿ, ಕೆಮ್ಮು. ಅದು ಹಲಗೆ, ಹೊಗೆ, ಎರಡಕ್ಕೂ ಹೊಂದುತ್ತದೆ. ಆದರೆ ನೀವಿಬ್ಬರೂ ಹೇಳಿದ್ದು ತಲೆನೋವು, ಅದೂ ಬೆಳಿಗ್ಗೆ ಮಾತ್ರ. ಏಳುವಾಗಲೇ ಇರುತ್ತದಾ, ಆಮೇಲೆ ಶುರುವಾಗುತ್ತದಾ? ಭಾನುವಾರ ತಡವಾಗಿ ಸ್ನಾನ ಮಾಡಿದರೆ?

ಜಯನಗರದ ಅಮ್ಮ | ಸೋಮವಾರ, ರಾತ್ರಿ 10:30

ಏಳುವಾಗ ಇರುವುದಿಲ್ಲ. ಈಗ ನೀವು ಕೇಳಿದ ಮೇಲೆ ಯೋಚನೆ ಮಾಡಿದೆ. ಸ್ನಾನ ಆದ ಮೇಲೆ. ಭಾನುವಾರ ಮಧ್ಯಾಹ್ನ ಬರುತ್ತದೆ. ಯಜಮಾನರಿಗೆ ಹೋದ ವಾರ ಸ್ನಾನ ಮಾಡುವಾಗ ತಲೆ ಸುತ್ತಿ ಗೋಡೆ ಹಿಡಿದುಕೊಂಡರು. ಉಪವಾಸ ಇದ್ದರು, ಅದಕ್ಕೆ ಅಂದುಕೊಂಡೆವು. ಮಗಳಿಗೆ ಇನ್ನೊಂದು ಬಾತ್‌ರೂಮಿನಲ್ಲಿ ಕರೆಂಟ್ ಗೀಸರ್. ನಮ್ಮದರಲ್ಲಿ ಗ್ಯಾಸ್ ಗೀಸರ್, ಹಳೇ ಓನರ್ ಹಾಕಿಸಿದ್ದು. ಒಳಗೇ ಇದೆ.

ಮಲೆನಾಡ ಹೆಂಗಸು | ಸೋಮವಾರ, ರಾತ್ರಿ 10:33

ವೆಂಟಿಲೇಟರ್?

ಜಯನಗರದ ಅಮ್ಮ | ಸೋಮವಾರ, ರಾತ್ರಿ 10:36

ಗಾಜಿನ ಪಟ್ಟಿ ಇತ್ತು. ಸೊಳ್ಳೆ ಬರುತ್ತದೆ ಅಂತ ಇಂಟೀರಿಯರ್‌ನವರು ಒಂದೇ ಗಾಜು ಕೂರಿಸಿ ಸಿಲಿಕಾನ್ ಹಾಕಿದರು. ಎಕ್ಸಾಸ್ಟ್ ಫ್ಯಾನ್ ಫಾಲ್ಸ್ ಸೀಲಿಂಗ್ ಮೇಲೆ ಸೇರಿಹೋಗಿದೆ.

ಮಲೆನಾಡ ಹೆಂಗಸು | ಸೋಮವಾರ, ರಾತ್ರಿ 10:38

ನಾಳೆ ಆ ಗೀಸರ್ ಹಚ್ಚಬೇಡಿ. ಅಡುಗೆಮನೆಯಲ್ಲಿ ನೀರು ಕಾಯಿಸಿಕೊಳ್ಳಿ. ಸಿಲಿಂಡರ್ ಈಗಲೇ ಬಂದ್ ಮಾಡಿ. ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ ಇದನ್ನೆಲ್ಲ ಹೇಳಿ. ಓದಿದ್ದೀರಾ? ಉತ್ತರ ಹಾಕಿ.

ಜಯನಗರದ ಅಮ್ಮ | ಸೋಮವಾರ, ರಾತ್ರಿ 10:44

ಬಂದ್ ಮಾಡಿದೆವು.

ರಸಾಯನ ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 5:50

ರಾತ್ರಿ ಮಲಗಿಬಿಟ್ಟಿದ್ದೆ. ಈಗ ಓದಿ ಕೈ ತಣ್ಣಗಾಯಿತು. ನಾನು ಫಾರ್ಮಾಲ್ಡಿಹೈಡ್ ಪಾಠ ಮಾಡುತ್ತಾ ಕೂತಿದ್ದೆ, ಮೊದಲ ಪೋಸ್ಟಿನಲ್ಲೇ ಇದ್ದ ತಲೆನೋವನ್ನು ಓದಿಕೊಂಡು ಮುಂದೆ ಹೋದೆ.

ಬೇರೆಯವರಿಗಾಗಿ ಲೆಕ್ಕ ಬರೆಯುತ್ತೇನೆ. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಾತ್‌ರೂಮಿನಲ್ಲಿ ಇರುವ ಗಾಳಿ ಸುಮಾರು 8 ಘನ ಮೀಟರ್. ಒಂದು ಕಿಲೋ ಎಲ್‌ಪಿಜಿ ಸರಿಯಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಮನೆಯ ಗೀಸರ್ ಗಂಟೆಗೆ ಒಂದು ಕಿಲೋ ಹತ್ತಿರ ಸುಡುತ್ತದೆ. ಹತ್ತು ನಿಮಿಷದ ಸ್ನಾನಕ್ಕೆ 2 ಘನ ಮೀಟರ್ ಗಾಳಿಯ ಆಮ್ಲಜನಕ ಹೋಯಿತು, ಅಂದರೆ ರೂಮಿನ ಕಾಲುಭಾಗ. ಅಷ್ಟು ಹೊತ್ತಿಗೆ ಬೆಂಕಿ ಅರೆಬರೆ ಉರಿಯಲು ಶುರುವಾಗಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಬರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣುರಿ ಇಲ್ಲ. ಸಿಲಿಂಡರ್ ಸೋರಿದರೆ ಬರುವ ಕೊಳೆತ ವಾಸನೆ ಬೇರೆ, ಅದು ಸೋರಿಕೆ ಗೊತ್ತಾಗಲಿ ಅಂತ ಬೇಕೆಂದೇ ಸೇರಿಸಿದ ವಸ್ತು. ಗ್ಯಾಸ್ ಉರಿದ ಮೇಲೆ ಅದೂ ಉಳಿಯುವುದಿಲ್ಲ.

ಬಾಗಿಲು ತೆಗೆದು ಹೊರಗೆ ಬಂದರೆ ಗಂಟೆಗಳಲ್ಲಿ ರಕ್ತದಿಂದ ಇಳಿಯುತ್ತದೆ. ಅದಕ್ಕೇ ಆಫೀಸಿಗೆ ಹೋದ ಮೇಲೆ ತಲೆನೋವು ಕಡಿಮೆ.

ಉಡುಪಿ ಬಡಗಿ | ಮಂಗಳವಾರ, ಬೆಳಿಗ್ಗೆ 7:30

ನಮ್ಮವರೇ ಗಾಜು ಕೂರಿಸಿದ್ದು ಅಂತ ಓದಿ ಬೇಜಾರಾಯಿತು. ಗೀಸರ್ ಇದೆ, ವೆಂಟಿಲೇಟರ್ ಮುಚ್ಚಬಾರದು ಅಂತ ನಮಗೆ ಯಾರೂ ಹೇಳಿಕೊಡುವುದಿಲ್ಲ. ಗಿರಾಕಿ ಹೇಳಿದ್ದನ್ನು ಮಾಡುತ್ತೇವೆ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಐದು ವಾರದ ಕಣ್ಣುರಿ. ಎಂಡಿಎಫ್ ಕತ್ತರಿಸುವ ಹುಡುಗರು ದಿನಾ ಆ ಪುಡಿ ನುಂಗುತ್ತಾರೆ. ಪಾಲಿಶ್ ಹುಡುಗರು ಮೂಗಿಗೆ ಟವೆಲ್ ಕಟ್ಟಿಕೊಂಡು ಥಿನ್ನರ್ ಹೊಡೆಯುತ್ತಾರೆ. ರಾತ್ರಿ ಅದೇ ಸೈಟಿನಲ್ಲಿ, ಅದೇ ರೂಮಿನಲ್ಲಿ ಮಲಗುತ್ತಾರೆ. ಧೂಳು ಬೀಳುತ್ತದೆ ಅಂತ ಕಿಟಕಿ ಹಾಕಿರುತ್ತೇವೆ. ಮರದ ಪುಡಿಯೂ ಆ ಕ್ಯಾನ್ಸರ್ ಪಟ್ಟಿಯ ಮೊದಲ ಗುಂಪಿನಲ್ಲೇ ಇದೆ ಅಂತ ಒಬ್ಬ ಇಂಜಿನಿಯರ್ ಹೇಳಿದ ಮೇಲೆ ನನ್ನ ಹುಡುಗರಿಗೆ ಒಳ್ಳೆ ಮಾಸ್ಕ್ ತಂದೆ. ಸೆಖೆ ಅಂತ ತೆಗೆದಿಡುತ್ತಾರೆ, ಅದು ಬೇರೆ ಮಾತು.

ನಿಮ್ಮ ಕೆಲಸಕ್ಕೆ: ವಾರ್ಡ್‌ರೋಬ್ ಹಿಂದಿನ ಹಲಗೆ, ಒಳಮೈ, ಮಂಚದ ತಳಕ್ಕೆಲ್ಲ ತೆಳು ಲ್ಯಾಮಿನೇಟ್ ಹಾಕಿಸಿ. ಎಲ್ಲಾ ಅಂಚಿಗೂ ಎಡ್ಜ್ ಬ್ಯಾಂಡ್. ಹಿಂಜ್ ಮತ್ತು ಸ್ಕ್ರೂ ತೂತುಗಳನ್ನೂ ಮುಚ್ಚಿಸಿ. ಅಂಟಿಸಲು ನೀರಿನಲ್ಲಿ ಕಲೆಸುವ ಬಿಳಿ ಗಮ್ ಸಾಕು. ಬೇಗ ಹಿಡಿಯುತ್ತದೆ ಅಂತ ಹಳದಿ ರಬ್ಬರ್ ಗಮ್ ತಂದರೆ ಬೇಡ ಅನ್ನಿ, ಅದರ ತುಂಬ ಸಾಲ್ವೆಂಟ್.

ಸುಮ್ನೆ ಓದುಗ | ಮಂಗಳವಾರ, ಬೆಳಿಗ್ಗೆ 8:15

ನಮ್ಮ ಮನೆ ಬಚ್ಚಲಲ್ಲೂ ಗ್ಯಾಸ್ ಗೀಸರ್ ಇದೆ. ಅಡುಗೆಮನೆಯಲ್ಲಿ ಗ್ಯಾಸ್ ಅಲಾರಂ ಹಾಕಿಸಿದ್ದೇನೆ. ಅದು ಸಾಕಲ್ವಾ?

ಡೆಲ್ಫ್ಟ್ ಕನ್ನಡತಿ | ಮಂಗಳವಾರ, ಮಧ್ಯಾಹ್ನ 12:40

ಸಾಕಾಗುವುದಿಲ್ಲ. ಅದು ಸೋರುವ ಎಲ್‌ಪಿಜಿಯನ್ನು ಹಿಡಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಹಿಡಿಯುವುದಿಲ್ಲ. ಅದಕ್ಕೆ ಬೇರೆಯೇ ಅಲಾರಂ ಬರುತ್ತದೆ. ಆದರೆ ಅಲಾರಂಗಿಂತ ಮೊದಲು ಗೀಸರನ್ನು ಹೊರಗಿನ ಬಾಲ್ಕನಿಗೋ ಯುಟಿಲಿಟಿಗೋ ಸಾಗಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಆಗದಿದ್ದರೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಒಳಗೆ ಹೋಗಿ.

ಬಚ್ಚಲು ಅಂದ ಮೇಲೆ ಇದೂ ಇರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಒಟ್ಟಿಗೆ ಹಾಕಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಮನೆಕೆಲಸದವರಿಗೂ ಹೇಳಿ. ಬಾಗಿಲು ಮುಚ್ಚಿಕೊಂಡು ಬಗ್ಗಿ ಉಜ್ಜುವವರು ಅವರೇ ತಾನೇ.

ಜಯನಗರದ ಅಮ್ಮ | ಹನ್ನೊಂದು ದಿನದ ನಂತರ, ಶನಿವಾರ, ರಾತ್ರಿ 9:05

ಎಲ್ಲರೂ ಕೇಳುತ್ತಿದ್ದೀರಿ, ತಡವಾಯಿತು. ಡಾಕ್ಟರ್ ಗೀಸರ್ ವಿಷಯ ಕೇಳಿ "ಒಳ್ಳೆ ಹೊತ್ತಿಗೆ ಬಂದ್ ಮಾಡಿದಿರಿ" ಅಂದರು. ಗೀಸರ್ ಈಗ ಯುಟಿಲಿಟಿ ಬಾಲ್ಕನಿಯಲ್ಲಿದೆ. ಸೀಲಿಂಗ್ ಕತ್ತರಿಸಿ ಎಕ್ಸಾಸ್ಟ್ ಕೆಳಗೆ ತಂದರು, ವೆಂಟಿಲೇಟರ್‌ಗೆ ಮತ್ತೆ ಗಾಜಿನ ಪಟ್ಟಿ, ಮೇಲೆ ಮೆಶ್. ಅವತ್ತಿನಿಂದ ನಮ್ಮಿಬ್ಬರಿಗೂ ತಲೆನೋವು ಬಂದಿಲ್ಲ.

ಮಗಳು ಈಗ ನಮ್ಮ ಜೊತೆ ಹಾಲ್‌ನಲ್ಲಿ ಮಲಗುತ್ತಾಳೆ, ಸೊಳ್ಳೆಪರದೆಯೊಳಗೆ. ಕೆಮ್ಮು ಮುಕ್ಕಾಲು ಪಾಲು ಇಳಿದಿದೆ. ಅವಳ ರೂಮಿನ ಕಿಟಕಿ ಹಗಲೆಲ್ಲ ತೆಗೆದು, ವಾರ್ಡ್‌ರೋಬ್ ಬಾಗಿಲು ತೆರೆದು, ಫ್ಯಾನ್ ಹಾಕಿ ಬಿಡುತ್ತೇವೆ. ಲ್ಯಾಮಿನೇಟ್ ಕೆಲಸ ಅರ್ಧ ಆಗಿದೆ. ಘಾಟು ಕಡಿಮೆ, ಪೂರ್ತಿ ಹೋಗಿಲ್ಲ.

ಊದುಬತ್ತಿ ಒಂದಕ್ಕೆ ಇಳಿಸಿದ್ದೇನೆ. ಅತ್ತೆ ಊರಿನಿಂದ ಬರುತ್ತಿದ್ದಾರೆ, ಆಮೇಲೆ ನೋಡಬೇಕು.

ಗಾಂಧಿಬಜಾರ್ ಹಿರಿಯ | ಶನಿವಾರ, ರಾತ್ರಿ 9:30

ಅತ್ತೆಯವರಿಗೆ ನನ್ನ ಹೆಸರು ಹೇಳಬೇಡಿ. ನಮ್ಮ ಮನೆಯಲ್ಲೂ ಈಗ ಒಂದೇ ಕಡ್ಡಿ.